ಜೀನ್ ಇದ್ದರೆ ವಿಷವೂ ಇದೆಯೇ? ಸಿ. ಡಿಫಿಸಿಲ್ ಪತ್ತೆಯ ಕುರಿತ ಅಧ್ಯಯನ ಟಿಪ್ಪಣಿ

ಮಳೆಗಾಲದಲ್ಲಿ ಭೇದಿ ಎಂದೊಡನೆ ಮಂಗಳೂರಿನ ನಮಗೆ ಮೊದಲು ನೆನಪಾಗುವುದು ಕಲುಷಿತ ನೀರು. ಆದರೆ ಆ್ಯಂಟಿಬಯಾಟಿಕ್ ಸೇವಿಸಿದ ಮೇಲೆ ಆರಂಭವಾಗುವ ಭೇದಿಯಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯವನ್ನೂ ಶಂಕಿಸಬೇಕು. ಮಣಿಪಾಲ, ಮಂಗಳೂರುಗಳಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿರುವ ಗೆಳೆಯರು ಅದರ ಜೀನ್ ಪರೀಕ್ಷೆಯನ್ನು ಅರ್ಥೈಸುವಾಗ ಎಡವುವ ಒಂದು ಜಾಗವಿದೆ. ಈ ಟಿಪ್ಪಣಿ ಅದಕ್ಕಾಗಿಯೇ.

ಈ ಬ್ಯಾಕ್ಟೀರಿಯದ ಎಲ್ಲ ತಳಿಗಳೂ ವಿಷ ತಯಾರಿಸುವುದಿಲ್ಲ. ವಿಷಕಾರಿ ತಳಿಗಳಲ್ಲಿ ಸುಮಾರು 19.6 ಕಿಲೋಬೇಸ್ (19,600 ಬೇಸ್ ಜೋಡಿ) ಉದ್ದದ ಒಂದು ಡಿಎನ್‌ಎ ಭಾಗವಿದ್ದು, ಟಾಕ್ಸಿನ್ ಎ ಮತ್ತು ಬಿಗಳನ್ನು ಸಂಕೇತಿಸುವ ಟಿಸಿಡಿಎ, ಟಿಸಿಡಿಬಿ ಜೀನ್‌ಗಳು ಸಾಮಾನ್ಯವಾಗಿ ಅಲ್ಲಿಯೇ ಇರುತ್ತವೆ. ವಿಷರಹಿತ ತಳಿಗಳಲ್ಲಿ ಅದೇ ಜಾಗದಲ್ಲಿ ಕೇವಲ 115 ಬೇಸ್ ಜೋಡಿಗಳ ತುಣುಕು ಕಂಡುಬರುತ್ತದೆ. ಟಾಕ್ಸಿನ್ ಎ ಇಲ್ಲದೆ ಬಿ ಮಾತ್ರ ತಯಾರಿಸುವ ತಳಿಗಳೂ ರೋಗ ತರುವುದರಿಂದ, ಹೆಚ್ಚಿನ ಪಿಸಿಆರ್ (ಡಿಎನ್‌ಎಯ ಆಯ್ದ ತುಣುಕನ್ನು ನಕಲಿಸುತ್ತ ಹೆಚ್ಚಿಸಿ ಪತ್ತೆಮಾಡುವ ಪರೀಕ್ಷೆ) ಕಿಟ್‌ಗಳು ಟಿಸಿಡಿಬಿಯನ್ನೇ ಗುರಿಯಾಗಿಸುತ್ತವೆ.

ಪಿಸಿಆರ್‌ನ ಪ್ರತಿ ಸುತ್ತಿನಲ್ಲೂ ಗುರಿ ತುಣುಕು ಇಮ್ಮಡಿಯಾಗುತ್ತದೆ. ಲೆಕ್ಕದ ಪ್ರಕಾರ 30 ಸುತ್ತುಗಳಲ್ಲಿ ಒಂದು ಪ್ರತಿಯಿಂದ 107 ಕೋಟಿಗೂ ಹೆಚ್ಚು ಪ್ರತಿಗಳಾಗುತ್ತವೆ. ಮಲದಲ್ಲಿರುವ ಪಿತ್ತ ಲವಣಗಳು ಪಾಲಿಮರೇಸ್ ಕಿಣ್ವವನ್ನು ತಡೆಯಬಲ್ಲವು. ಆದ್ದರಿಂದ ಆಂತರಿಕ ನಿಯಂತ್ರಣವೂ (ಪರೀಕ್ಷೆ ಸರಿಯಾಗಿ ನಡೆದಿದೆಯೇ ಎಂದು ತಿಳಿಯಲು ಜೊತೆಗೇ ಹೆಚ್ಚಿಸುವ ಬೇರೊಂದು ಡಿಎನ್‌ಎ) ವಿಫಲವಾದ ಪರೀಕ್ಷೆಯನ್ನು ‘ನೆಗೆಟಿವ್’ ಎಂದು ಬರೆಯುವುದು ತಪ್ಪು. ಡಿಎನ್‌ಎ ತುಣುಕನ್ನು ಹೆಚ್ಚಿಸುವ ಇನ್ನೊಂದು ಬಗೆಯಾದ ಲ್ಯಾಂಪ್ ವಿಧಾನವು ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್‌ನ ಒಂದೇ ಉಷ್ಣತೆಯಲ್ಲಿ ನಡೆಯುವುದರಿಂದ ಅದಕ್ಕೆ ಪಿಸಿಆರ್‌ನಂತೆ ಉಷ್ಣತೆಯನ್ನು ಸುತ್ತುಸುತ್ತಾಗಿ ಬದಲಿಸುವ ಥರ್ಮಲ್ ಸೈಕ್ಲರ್ ಯಂತ್ರ ಬೇಡ.

ಇನ್ನು ಮುಖ್ಯ ವಿಷಯ. ಪಿಸಿಆರ್ ಹೇಳುವುದು ಜೀನ್ ಇದೆ ಎಂಬುದನ್ನಷ್ಟೇ. ಭಾಗವತರ ಕೈಯಲ್ಲಿ ಪ್ರಸಂಗದ ಪುಸ್ತಕವಿದ್ದ ಮಾತ್ರಕ್ಕೆ ಆಟ ನಡೆಯುತ್ತಿದೆ ಎನ್ನಲಾಗದು. ರೋಗಲಕ್ಷಣವಿಲ್ಲದೆ ವಿಷಕಾರಿ ತಳಿಯನ್ನು ಕರುಳಿನಲ್ಲಿ ಹೊತ್ತವರಲ್ಲೂ, ಅದರಲ್ಲಿಯೂ ಹಸುಳೆಗಳಲ್ಲಿ, ಫಲಿತಾಂಶ ಪಾಸಿಟಿವ್ ಬರಬಹುದು. ಅಂಥವರಿಗೆ ಚಿಕಿತ್ಸೆ ಕೊಟ್ಟರೆ ಕರುಳಿನ ಉಪಕಾರಿ ಬ್ಯಾಕ್ಟೀರಿಯಗಳಿಗೇ ಹಾನಿ. ಇದನ್ನು ತಪ್ಪಿಸಲು ಮೊದಲು ಜಿಡಿಎಚ್ ಪ್ರತಿಜನಕವನ್ನೂ (ವಿಷಕಾರಿ, ವಿಷರಹಿತ ತಳಿಗಳೆರಡರಲ್ಲೂ ಇರುವ ಕಿಣ್ವ) ಟಾಕ್ಸಿನ್ ಪ್ರೋಟೀನನ್ನೂ ಇಮ್ಯುನೊಅಸ್ಸೇಯಿಂದ (ಪ್ರತಿಕಾಯ ಬಳಸಿ ಪ್ರೋಟೀನನ್ನು ಗುರುತಿಸುವ ಪರೀಕ್ಷೆ) ನೋಡಿ, ಎರಡರ ಫಲಿತಾಂಶ ಒಂದಕ್ಕೊಂದು ಹೊಂದದಿದ್ದಾಗ ಪಿಸಿಆರ್‌ಗೆ ಹೋಗುವ ಹಂತಹಂತದ ಕ್ರಮವನ್ನು ಹಲವೆಡೆ ಅನುಸರಿಸುತ್ತಾರೆ. ಟಾಕ್ಸಿನ್ ಇಮ್ಯುನೊಅಸ್ಸೇಯ ಸಂವೇದನಶೀಲತೆ ಕಡಿಮೆ ಎಂಬ ದೂರು ನಿಜ, ಆದರೂ ಕರುಳಿನಲ್ಲಿ ವಿಷವಿದೆಯೇ ಎಂಬುದಕ್ಕೆ ನೇರ ಸಾಕ್ಷಿ ಅದೇ ಎಂಬುದು ನನ್ನ ದೃಢ ಅಭಿಪ್ರಾಯ.

ಮಾದರಿಯ ಆಯ್ಕೆಯೂ ಪರೀಕ್ಷೆಯ ಭಾಗವೇ. 24 ಗಂಟೆಗಳಲ್ಲಿ ಮೂರು ಅಥವಾ ಹೆಚ್ಚು ಬಾರಿ, ಬೇರೆ ಕಾರಣವಿಲ್ಲದೆ, ತೆಳ್ಳಗೆ ಭೇದಿಯಾದವರ ಮಲವನ್ನೇ ಕಳುಹಿಸಬೇಕು. ವಾಸಿಯಾದ ಮೇಲೂ ಜೀನ್ ವಾರಗಟ್ಟಲೆ ಸಿಗಬಹುದಾದ್ದರಿಂದ, ಗುಣವಾಗಿದೆಯೇ ಎಂದು ತಿಳಿಯಲು ಪಿಸಿಆರ್ ಮತ್ತೆ ಮಾಡಿಸಬಾರದು.