ಅಂಕ ಸಮ, ಚಾಂಪಿಯನ್ ಒಬ್ಬರೇ

ಭಾರತದ ರಾಷ್ಟ್ರೀಯ ಚೆಸ್ ಚಾಂಪಿಯನ್‌ಶಿಪ್ ಶುರುವಾದದ್ದೇ ಜಂಟಿ ವಿಜೇತರಿಂದ. 1955ರಲ್ಲಿ ಆಂಧ್ರದ ಏಲೂರಿನಲ್ಲಿ ನಡೆದ ಮೊದಲ ಪಂದ್ಯಾವಳಿಯಲ್ಲಿ ರಾಮಚಂದ್ರ ಸಪ್ರೆ ಮತ್ತು ಡಿ. ವೆಂಕಯ್ಯ ಇಬ್ಬರೂ ಚಾಂಪಿಯನ್ನರಾದರು. 2022ರಲ್ಲಿ ಕಾನ್ಪುರದಲ್ಲಿ ಅರ್ಜುನ್ ಎರಿಗೈಸಿ, ಡಿ. ಗುಕೇಶ್ ಮತ್ತು ಪಿ. ಇನಿಯನ್ ಮೂವರೂ 11 ಸುತ್ತುಗಳಲ್ಲಿ ತಲಾ 8.5 ಅಂಕ ಪಡೆದರು. ಪಟ್ಟ ಸಿಕ್ಕಿದ್ದು ಅರ್ಜುನ್‌ಗೆ ಮಾತ್ರ. ಆಗ ಹದಿನೈದರ ಹುಡುಗನಾಗಿದ್ದ ಗುಕೇಶ್ 2024ರಲ್ಲಿ ವಿಶ್ವ ಚಾಂಪಿಯನ್ ಆದರೂ, ವಿಜೇತರ ಪಟ್ಟಿಯ 2022ರ ಸಾಲಿನಲ್ಲಿ ಅವರ ಹೆಸರಿಲ್ಲ.

ಶಿರಸಿಯಲ್ಲಿ ಭಾನುವಾರದ ಪಂದ್ಯಾವಳಿಗಳಿಗೆ ತೀರ್ಪುಗಾರನಾಗಿ ಕೂರುವ ನನಗೆ ಈ ಇತಿಹಾಸ ನೆನಪಾಗುವುದು ಅಂತಿಮ ಪಟ್ಟಿಯನ್ನು ಶಾಲೆಯ ಗೋಡೆಗೆ ಅಂಟಿಸಿದ ಮರುಕ್ಷಣ. ‘ಮಾಸ್ತರೇ, ಇಬ್ಬರದ್ದೂ ಐದೇ ಅಂಕವಲ್ಲವೇ? ನಮ್ಮ ಹುಡುಗಿ ನಾಲ್ಕನೆಯವಳು ಹೇಗಾದಳು?’ ಎಂದು ಪಾಲಕರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಅದೇ ಹಾಳೆಯ ಬಲತುದಿಯಲ್ಲಿ, ಯಾರೂ ಓದದ ಸಣ್ಣ ಅಂಕಿಗಳಲ್ಲಿರುತ್ತದೆ.

ನಮ್ಮಲ್ಲಿ ನಡೆಯುವುದು ಸ್ವಿಸ್ ಪದ್ಧತಿ. ಇಲ್ಲಿ ಎಲ್ಲರೂ ಎಲ್ಲರೊಂದಿಗೆ ಆಡುವುದಿಲ್ಲ. ಪ್ರತಿ ಸುತ್ತಿನಲ್ಲೂ ಹೆಚ್ಚುಕಡಿಮೆ ಸಮಾನ ಅಂಕದವರನ್ನು ಜೋಡಿ ಮಾಡುತ್ತಾರೆ. ಹಾಗಾಗಿ ಎಲ್ಲರ ಐದು ಅಂಕವೂ ಒಂದೇ ದಾರಿಯಲ್ಲಿ ಬಂದಿರುವುದಿಲ್ಲ. ಆರು ಸುತ್ತುಗಳ ಪಂದ್ಯಾವಳಿಯಲ್ಲಿ ಒಬ್ಬ ಮೊದಲ ಸುತ್ತಿನಲ್ಲೇ ಸೋತು ಕಡಿಮೆ ಅಂಕದವರು ಆಡುವ ಕೆಳಗಿನ ಬೋರ್ಡುಗಳಿಗೆ ಇಳಿದ, ಅಲ್ಲಿಂದ ಐದನ್ನೂ ಗೆದ್ದು ಮೇಲೆ ಬಂದ ಎನ್ನೋಣ. ಇನ್ನೊಬ್ಬಳು ಮೊದಲ ಐದನ್ನೂ ಗೆದ್ದು, ಕೊನೆಯ ಸುತ್ತಿನಲ್ಲಿ ಮೊದಲ ಬೋರ್ಡಿನಲ್ಲಿ ಸೋತಳು. ಇಬ್ಬರಿಗೂ ಐದೇ ಅಂಕ. ಆದರೆ ಹುಡುಗನ ಆರು ಎದುರಾಳಿಗಳ ಅಂಕ ಕೂಡಿದರೆ 17, ಹುಡುಗಿಯ ಎದುರಾಳಿಗಳದ್ದು 22. ಈ ಮೊತ್ತವೇ ಬುಕೋಲ್ಜ್. ಹೆಚ್ಚು ಇದ್ದವರು ಮುಂದೆ.

ಲೆಕ್ಕ ಸರಳ, ದೋಷ ಮಾತ್ರ ಇಲ್ಲದಿಲ್ಲ. ಮಗುವಿನ ಬುಕೋಲ್ಜ್ ಅದರ ಕೈಯಲ್ಲಿಲ್ಲ. ತಾನು ಬೆಳಿಗ್ಗೆ ಸೋಲಿಸಿದವನು ಮಧ್ಯಾಹ್ನವೆಲ್ಲ ಸೋಲುತ್ತಾ ಹೋದರೆ ಇದರ ಮೊತ್ತವೂ ಸೊರಗುತ್ತದೆ. ಅದಕ್ಕೇ ಅತಿ ಕಡಿಮೆ ಅಂಕದ ಒಬ್ಬ ಎದುರಾಳಿಯನ್ನು ಕೈಬಿಟ್ಟು ಕೂಡುವ ‘ಕಟ್ ಒನ್’ ಕ್ರಮವಿದೆ. ಊಟ ಮುಗಿಸಿ ಹೇಳದೆ ಊರಿಗೆ ಹೊರಟುಬಿಡುವವರ ಆಡದ ಸುತ್ತುಗಳಿಗೂ ನಿಯಮದಲ್ಲಿ ಬೇರೆ ಲೆಕ್ಕವಿದೆ. ಆದರೂ ಅಂಥವರ ಮೇಲೆ ನನಗೆ ಸಿಟ್ಟೇ.

ರಾಷ್ಟ್ರೀಯ ಪಟ್ಟಿಯ ಹಳೆಯ ಹೆಸರುಗಳನ್ನೂ ಈ ಕಣ್ಣಿನಿಂದಲೇ ನೋಡಬೇಕು. 1959ರಿಂದ 1981ರ ನಡುವೆ ಮ್ಯಾನುಯೆಲ್ ಆ್ಯರನ್ ಒಂಬತ್ತು ಸಲ ಗೆದ್ದರು, ಅದರಲ್ಲಿ 1969ರಿಂದ 1973ರವರೆಗೆ ಸತತ ಐದು. 1986ರಲ್ಲಿ ವಿಶ್ವನಾಥನ್ ಆನಂದ್ ಹದಿನಾರನೇ ವಯಸ್ಸಿನಲ್ಲಿ ಗೆದ್ದು, ಮತ್ತೆರಡು ಸಲ ಆ ಪಟ್ಟ ಉಳಿಸಿಕೊಂಡರು. ಸೂರ್ಯಶೇಖರ ಗಂಗೂಲಿ 2003ರಿಂದ 2008ರವರೆಗೆ ಸತತ ಆರು ಬಾರಿ ಗೆದ್ದರು. ಗಂಗೂಲಿ ಆಡಿದಂಥ, ಆಯ್ದ ಕೆಲವೇ ಆಟಗಾರರು ಎಲ್ಲರೂ ಎಲ್ಲರೊಂದಿಗೆ ಆಡುವ ಪದ್ಧತಿಯಲ್ಲಿ ಅದೃಷ್ಟದ ಪಾಲು ಕಡಿಮೆ. ಅಲ್ಲಿ ಅಂಕ ಸಮವಾದರೆ ಸೊನೆಬಾರ್ನ್-ಬರ್ಗರ್ ಲೆಕ್ಕ: ಸೋಲಿಸಿದವರ ಪೂರ್ತಿ ಅಂಕ, ಡ್ರಾ ಮಾಡಿಕೊಂಡವರ ಅರ್ಧ ಅಂಕ. ಕಾನ್ಪುರದ್ದು ಮುಕ್ತ ಸ್ವಿಸ್. ಗಂಗೂಲಿಯ ಆರನ್ನೂ ಅರ್ಜುನ್ ಅವರ ಒಂದನ್ನೂ ಪಕ್ಕಪಕ್ಕ ಇಟ್ಟು ಅಳೆಯುವುದು ನನಗೆ ಒಪ್ಪಿಗೆಯಿಲ್ಲ.

ಮಹಿಳೆಯರ ಪಂದ್ಯಾವಳಿ ಮೊದಲು ನಡೆದದ್ದು ನಮ್ಮ ಬೆಂಗಳೂರಿನಲ್ಲಿ, 1974ರಲ್ಲಿ. ಗೆದ್ದವರು ವಾಸಂತಿ ಖಾಡಿಲ್ಕರ್. ಅವರೂ ತಂಗಿಯರಾದ ಜಯಶ್ರೀ, ರೋಹಿಣಿಯರೂ ಮೊದಲ ದಶಕದ ಪಟ್ಟಗಳನ್ನು ಮನೆಯಿಂದಾಚೆ ಬಿಡಲೇ ಇಲ್ಲ! 1976ರಲ್ಲಿ ರೋಹಿಣಿ ಪುರುಷರ ರಾಷ್ಟ್ರೀಯ ಪಂದ್ಯಾವಳಿಯಲ್ಲೂ ಆಡಿದಾಗ ದೊಡ್ಡ ವಿವಾದವೇ ಎದ್ದಿತ್ತು.

ಮತ್ತೆ ನಮ್ಮ ಗೋಡೆಯ ಹಾಳೆಗೆ ಬರುತ್ತೇನೆ. ಕೇವಲ ಟ್ರೋಫಿಯ ಪ್ರಶ್ನೆಯಾಗಿದ್ದರೆ ಏಲೂರಿನಂತೆ ಇಬ್ಬರನ್ನೂ ವೇದಿಕೆಗೆ ಕರೆಯುವುದೇ ಚಂದ ಎನ್ನುವವನು ನಾನು. ಮುಂದಿನ ಹಂತಕ್ಕೆ ಎರಡೇ ಸ್ಥಾನವಿದ್ದು ಮೂವರು ಸಮವಾದಾಗ ಆ ಔದಾರ್ಯ ನಡೆಯದು. ಮರುಪಂದ್ಯ ಆಡಿಸುವುದು ಉತ್ತಮ, ಆದರೆ ಸಂಜೆ ದೇವಿಮನೆ ಘಟ್ಟ ಇಳಿದು ಕುಮಟೆಗೋ ಕಾರವಾರಕ್ಕೋ ಹೋಗುವ ಮಕ್ಕಳನ್ನು ಎಷ್ಟು ಹೊತ್ತು ಕೂರಿಸುವುದು?

ಆದ್ದರಿಂದ ಪಾಲಕರಿಗೆ ನನ್ನದೊಂದು ವಿನಂತಿ. ಅಂಕ ಸಮವಾದಾಗ ಸ್ಥಾನ ನಿರ್ಧರಿಸುವ ಇಂಥ ಲೆಕ್ಕಗಳಲ್ಲಿ, ಅಂದರೆ ಟೈಬ್ರೇಕ್‌ಗಳಲ್ಲಿ, ಯಾವುದು ಮೊದಲು, ಯಾವುದು ನಂತರ ಎಂಬುದನ್ನು ಪ್ರವೇಶ ಶುಲ್ಕ ಕಟ್ಟುವಾಗಲೇ ಕೇಳಿ ತಿಳಿದುಕೊಳ್ಳಿ. ಪಟ್ಟಿ ಅಂಟಿಸಿದೊಡನೆ ಮಗುವಿನ ಪ್ರತಿ ಸುತ್ತಿನ ಫಲಿತಾಂಶ ಸರಿಯಾಗಿ ನಮೂದಾಗಿದೆಯೇ ನೋಡಿ, ತಪ್ಪಿದ್ದರೆ ಬಹುಮಾನ ವಿತರಣೆಗೆ ಮುನ್ನವೇ ತೀರ್ಪುಗಾರರ ಮೇಜಿಗೆ ಬನ್ನಿ. ಬರುವಾಗ ಮಗು ತನ್ನ ಆಟದ ನಡೆಗಳನ್ನು ಬರೆದ ಸ್ಕೋರ್ ಶೀಟ್ ಕೈಯಲ್ಲಿರಲಿ.