ಮೆಡಿಕಲ್ ಅಲಾರಂ ಅಂದರೆ ಏನು?

ಒಬ್ಬರೇ ವಾಸಿಸುವ ಹಿರಿಯರು ಕೊರಳಿಗೆ ಹಾಕಿಕೊಳ್ಳುವ ಅಥವಾ ಮಣಿಕಟ್ಟಿಗೆ ಕಟ್ಟಿಕೊಳ್ಳುವ ಸಣ್ಣ ಸಾಧನವೇ ಮೆಡಿಕಲ್ ಅಲಾರಂ. ಬಿದ್ದು ಏಳಲಾಗದಿದ್ದಾಗ, ಎದೆನೋವು ಬಂದಾಗ, ಕೈಕಾಲು ಸ್ವಾಧೀನ ತಪ್ಪಿದಾಗ ಅದರ ಗುಂಡಿ ಒತ್ತಿದರೆ ದೂರದಲ್ಲಿರುವವರಿಗೆ ಸುದ್ದಿ ಮುಟ್ಟುತ್ತದೆ. ಅಂಗಡಿಗಳಲ್ಲಿ ಎಸ್‌ಒಎಸ್ ಬಟನ್, ಪ್ಯಾನಿಕ್ ಬಟನ್, ಮೆಡಿಕಲ್ ಅಲರ್ಟ್ ಅಂತೆಲ್ಲ ಹೆಸರುಗಳಿವೆ.

ಮೊಬೈಲ್ ಇದೆಯಲ್ಲ, ಇದು ಯಾಕೆ ಬೇಕು ಅನ್ನಿಸಬಹುದು. ನಮ್ಮ ದೇಶದಲ್ಲಿ 2017ರಿಂದ ಮಾರಾಟವಾಗುವ ಹೊಸ ಫೋನುಗಳಲ್ಲಿ ಪ್ಯಾನಿಕ್ ಬಟನ್ ಸೌಲಭ್ಯ ಇರಬೇಕು ಎಂಬ ನಿಯಮವೇ ಇದೆ. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುವ ಏರ್ಪಾಡು ಅದು. ಒಳ್ಳೆಯದೇ. ಆದರೆ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದಾಗ ಫೋನು ಎಲ್ಲಿರುತ್ತದೆ? ಟಿವಿ ಪಕ್ಕದಲ್ಲಿ ಚಾರ್ಜಿಗೆ ಹಾಕಿರುತ್ತಾರೆ, ಇಲ್ಲವೇ ದಿಂಬಿನ ಪಕ್ಕ ಬಿದ್ದಿರುತ್ತದೆ. ಹತ್ತು ಹೆಜ್ಜೆ ದೂರ ಅಷ್ಟೇ. ಸೊಂಟ ಮುರಿದವರಿಗೆ ಆ ಹತ್ತು ಹೆಜ್ಜೆ ದಾಟುವುದು ಆಗದ ಮಾತು. ಅದಕ್ಕೇ ಈ ಸಾಧನ ಮೈಮೇಲೆ ಇರಬೇಕು.

ಬೀಳುವುದಕ್ಕಿಂತ ಬಿದ್ದಲ್ಲೇ ಇರುವುದು ಕೆಲವೊಮ್ಮೆ ಜಾಸ್ತಿ ಅಪಾಯ. ಬಿದ್ದ ಮೇಲೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ನೆಲದಲ್ಲೇ ಉಳಿಯುವುದನ್ನು ವೈದ್ಯರು ‘ಲಾಂಗ್ ಲೈ’ ಅನ್ನುತ್ತಾರೆ. ಮೂಳೆ ಮುರಿಯದಿದ್ದರೂ ಇದು ಜೀವಕ್ಕೆ ಕುತ್ತು ತರಬಹುದು. ಮೈಭಾರ ಒಂದೇ ಕಡೆ ಬಿದ್ದು ಅಲ್ಲಿನ ಸ್ನಾಯುಗಳು ನಜ್ಜುಗುಜ್ಜಾಗುತ್ತವೆ. ಅವುಗಳಲ್ಲಿನ ಅಂಶಗಳು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತವೆ. ನೀರಿಲ್ಲದೆ ಮೈ ಒಣಗುತ್ತದೆ, ಚರ್ಮದಲ್ಲಿ ಹುಣ್ಣಾಗುತ್ತದೆ, ತಣ್ಣನೆಯ ನೆಲ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಮೆಡಿಕಲ್ ಅಲಾರಂ ಹಿರಿಯರು ಬೀಳುವುದನ್ನು ತಪ್ಪಿಸುವುದಿಲ್ಲ. ಅದು ಕಡಿಮೆ ಮಾಡುವುದು ನೆಲದ ಮೇಲಿನ ಈ ಹೊತ್ತನ್ನು.

ಇದು ಹೊಸದೇನಲ್ಲ. 1970ರ ದಶಕದ ಆರಂಭದಲ್ಲಿ ಜರ್ಮನಿಯ ವಿಲ್ಹೆಲ್ಮ್ ಹೋರ್ಮನ್ ಇಂಥ ವ್ಯವಸ್ಥೆ ರೂಪಿಸಿದರು. ಅಮೆರಿಕದಲ್ಲಿ ಬಾಸ್ಟನ್ನಿನ ಮನಃಶಾಸ್ತ್ರಜ್ಞ ಆಂಡ್ರ್ಯೂ ಡಿಬ್ನರ್ 1974ರಲ್ಲಿ ಲೈಫ್‌ಲೈನ್ ಕಂಪನಿ ಶುರುಮಾಡಿದರು. ಹಳೆಯ ಮಾದರಿ ಸರಳ. ಕೊರಳಿನ ಗುಂಡಿ ಒತ್ತಿದರೆ ಮನೆಯೊಳಗಿನ ಪೆಟ್ಟಿಗೆಗೆ ರೇಡಿಯೋ ಸಂಕೇತ ಹೋಗುತ್ತದೆ. ಆ ಪೆಟ್ಟಿಗೆ ಲ್ಯಾಂಡ್‌ಲೈನ್ ಮೂಲಕ ಕರೆ ಕೇಂದ್ರಕ್ಕೆ ಫೋನ್ ಮಾಡುತ್ತದೆ. ಅಲ್ಲಿನವರು ಪೆಟ್ಟಿಗೆಯ ಸ್ಪೀಕರಿನಲ್ಲೇ ‘ಏನಾಯಿತು?’ ಅಂತ ವಿಚಾರಿಸುತ್ತಾರೆ. ಬ್ರಿಟನ್ನಿನಲ್ಲಿ ಸುಮಾರು 18 ಲಕ್ಷ ಜನ ಇಂಥ ಸೇವೆ ಬಳಸುತ್ತಾರೆ. ಹಳೆಯ ಲ್ಯಾಂಡ್‌ಲೈನ್ ಜಾಲವನ್ನು 2027ರ ಜನವರಿ ಹೊತ್ತಿಗೆ ಮುಚ್ಚಲು ಅಲ್ಲಿ ಗಡುವು ಇಟ್ಟುಕೊಂಡಿರುವುದರಿಂದ, ಇವರ ಸಾಧನಗಳನ್ನು ಬದಲಿಸುವುದೇ ಒಂದು ದೊಡ್ಡ ಕೆಲಸವಾಗಿದೆ.

ಈಗಿನವುಗಳಲ್ಲಿ ಸಿಮ್ ಮತ್ತು ಜಿಪಿಎಸ್ ಇರುತ್ತವೆ. ಕೆಲವು ತಾವಾಗಿಯೇ ಬಿದ್ದದ್ದನ್ನು ಗುರುತಿಸುತ್ತವೆ. 2018ರಲ್ಲಿ ಆಪಲ್ ವಾಚ್‌ನಲ್ಲಿ ಈ ಸೌಲಭ್ಯ ಬಂದ ಮೇಲೆ ಬಹಳ ಜನಕ್ಕೆ ಇದರ ಪರಿಚಯವಾಯಿತು. ಒಳಗಿನ ಸೆನ್ಸರ್ ಚಲನೆಯನ್ನು ಅಳೆಯುತ್ತಲೇ ಇರುತ್ತದೆ. ಬೀಳುವಾಗ ಅರೆಕ್ಷಣ ಮೈ ಹಗುರವಾಗುತ್ತದೆ, ಆಮೇಲೆ ಜೋರಾದ ಪೆಟ್ಟು, ನಂತರ ಅಲುಗಾಟವಿಲ್ಲ. ಈ ಮೂರೂ ಒಂದರ ಹಿಂದೊಂದು ಬಂದರೆ ‘ಬಿದ್ದರು’ ಅಂತ ಲೆಕ್ಕ. ತಕ್ಷಣ ಕೈಯಲ್ಲಿ ಕಂಪನ ಕೊಟ್ಟು ಕೇಳುತ್ತದೆ, ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ತುರ್ತು ಕರೆಗೆ ಸಿದ್ಧವಾಗುತ್ತದೆ.

ಆದರೆ ಹಿರಿಯರು ಯಾವಾಗಲೂ ಧೊಪ್ಪೆಂದು ಬೀಳುವುದಿಲ್ಲ ಅಲ್ವಾ? ಗೋಡೆಗೆ ಒರಗಿ ನಿಧಾನಕ್ಕೆ ಕುಸಿಯುತ್ತಾರೆ, ಕುರ್ಚಿಯಿಂದ ಜಾರಿ ನೆಲಕ್ಕೆ ಬರುತ್ತಾರೆ. ಅಂಥದ್ದು ಸೆನ್ಸರಿಗೆ ತಿಳಿಯದೇ ಹೋಗಬಹುದು. ಹಾಗಾಗಿ ತಾನಾಗಿ ಗುರುತಿಸುವ ಸಾಧನ ಕೊಂಡರೂ ಗುಂಡಿ ಒತ್ತುವುದನ್ನು ಅವರಿಗೆ ರೂಢಿ ಮಾಡಿಸಲೇಬೇಕು.

ನನ್ನನ್ನು ಬಹಳ ಕಾಡುವ ವಿಷಯ ಇದೇ. ಕೇಂಬ್ರಿಡ್ಜ್‌ನಲ್ಲಿ 90 ದಾಟಿದವರನ್ನು ಒಂದು ವರ್ಷ ಗಮನಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಶೇ. 60ರಷ್ಟು ಜನ ಆ ವರ್ಷ ಬಿದ್ದಿದ್ದರು. ಬಿದ್ದವರಲ್ಲಿ ಶೇ. 30ರಷ್ಟು ಜನ ಒಂದು ಗಂಟೆ ಅಥವಾ ಅದಕ್ಕೂ ಹೆಚ್ಚು ಹೊತ್ತು ನೆಲದಲ್ಲೇ ಇದ್ದರು. ಅಲಾರಂ ಬಹಳ ಜನರ ಬಳಿ ಇತ್ತು. ಆದರೂ ಹಾಗೆ ಬಹಳ ಹೊತ್ತು ಬಿದ್ದಿದ್ದವರಲ್ಲಿ ಹೆಚ್ಚಿನವರು ಅದನ್ನು ಬಳಸಿರಲಿಲ್ಲ. ಮೈಮೇಲೆ ಹಾಕಿಕೊಂಡಿರದವರಿದ್ದರು, ತಾವೇ ಏಳಬೇಕು ಅಂದುಕೊಂಡವರಿದ್ದರು. ನಮ್ಮ ಮನೆಗಳಲ್ಲೂ ಕೇಳಿರುತ್ತೇವೆ: ‘ಮಗಳು ಆಫೀಸಲ್ಲಿರ್ತಾಳೆ, ಸುಮ್ನೆ ಯಾಕೆ ತೊಂದ್ರೆ ಕೊಡೋದು?’ ಈ ಸಂಕೋಚವನ್ನು ಯಾವ ಸೆನ್ಸರೂ ಕಳೆಯಲಾರದು. ‘ಅಮ್ಮ, ತಪ್ಪಿ ಒತ್ತಿದರೂ ಪರವಾಗಿಲ್ಲ, ನಾನು ಬೇಜಾರು ಮಾಡಿಕೊಳ್ಳಲ್ಲ’ ಅಂತ ಮಕ್ಕಳು ಬಾಯಿಬಿಟ್ಟು ಹೇಳಬೇಕು. ಒಂದೆರಡು ಸಲ ಅವರ ಕೈಯಲ್ಲೇ ಒತ್ತಿಸಿ ನೋಡಬೇಕು.

ಕೊಳ್ಳುವಾಗ ನೋಡಬೇಕಾದ್ದು ಸ್ವಲ್ಪವೇ. ಸ್ನಾನ ಮಾಡುವಾಗಲೂ ತೆಗೆಯಬೇಕಿಲ್ಲದಂತೆ ನೀರು ತಡೆಯುವಂಥದ್ದಿರಲಿ. ರಾತ್ರಿ ಬಚ್ಚಲಿಗೆ ಎದ್ದಾಗಲೂ ಬೀಳುವುದುಂಟು, ಆದ್ದರಿಂದ ರಾತ್ರಿಯಿಡೀ ಚಾರ್ಜಿಗೆ ಇಡುವ ಬದಲು ಹಗಲು ಕೂತು ಟಿವಿ ನೋಡುವಾಗ ಚಾರ್ಜ್ ಮಾಡಲಿ. ಕೈಗೆ ಕಟ್ಟುವುದನ್ನು ಇನ್ನೊಂದು ಕೈಯಿಂದ ಒತ್ತಬೇಕು. ಪಾರ್ಶ್ವವಾಯು ಹೊಡೆದು ಆ ಕೈಯೇ ಏಳದಿದ್ದರೆ ಕಷ್ಟ. ಕೊರಳಿನದಾದರೆ ಯಾವ ಕೈಯಿಂದಲಾದರೂ ಒತ್ತಬಹುದು. ಅದರ ದಾರ ಮಾತ್ರ ಎಲ್ಲಾದರೂ ಸಿಕ್ಕಿಕೊಂಡರೆ ತಾನೇ ಬಿಚ್ಚಿಕೊಳ್ಳುವಂತಿರಬೇಕು. ಮಲೆನಾಡಿನ ಒಂಟಿ ಮನೆಗಳಲ್ಲಿ ಮೊದಲು ನೆಟ್‌ವರ್ಕ್ ನೋಡಿ. ಜಗಲಿಯಲ್ಲಿ ಸಿಗುವ ಸಿಗ್ನಲ್ ಬಚ್ಚಲಲ್ಲಿ ಸಿಗಬೇಕೆಂದಿಲ್ಲ.

ಕರೆ ಯಾರಿಗೆ ಹೋಗುತ್ತದೆ ಅನ್ನುವುದು ಇವೆಲ್ಲಕ್ಕಿಂತ ಮುಖ್ಯ. ತಿಂಗಳ ಶುಲ್ಕದ ಸೇವೆಗಳಲ್ಲಿ ಹಗಲೂ ರಾತ್ರಿ ಕರೆ ಕೇಂದ್ರದವರು ಇರುತ್ತಾರೆ. ಅಗ್ಗದ ಸಾಧನಗಳು ನೀವು ಕೊಟ್ಟ ನಂಬರುಗಳಿಗೆ ಒಂದಾದ ಮೇಲೊಂದು ಕರೆ ಮಾಡುತ್ತವೆ. ಆ ಪಟ್ಟಿಯಲ್ಲಿ ಮೊದಲ ಹೆಸರು ದುಬೈಯಲ್ಲೋ ಡಲ್ಲಾಸಿನಲ್ಲೋ ಇರುವ ಮಗನದ್ದಾದರೆ ಅವನು ಏನು ಮಾಡಿಯಾನು? ಅಲ್ಲಿಂದ 112 ಒತ್ತಿದರೆ ನಮ್ಮೂರಿಗೆ ಕರೆ ಬರುವುದಿಲ್ಲ. ಮೊದಲ ನಂಬರು ಐದು ನಿಮಿಷದಲ್ಲಿ ಬರಬಲ್ಲ ಪಕ್ಕದ ಮನೆಯವರದ್ದೋ ಬೀದಿಯ ಪರಿಚಯದವರದ್ದೋ ಆಗಿರಲಿ, ಮಗನದ್ದು ಆಮೇಲೆ. 108ಕ್ಕೆ ಫೋನ್ ಮಾಡುವವರು ಯಾರು ಅನ್ನುವುದೂ ಮೊದಲೇ ಮಾತಾಗಿರಲಿ.

ಬಂದವರು ಒಳಗೆ ಹೋಗುವುದು ಹೇಗೆ? ಒಬ್ಬರೇ ಇರುವವರು ಭಯಕ್ಕೆ ಒಳಗಿನಿಂದ ಚಿಲಕ, ಅಗುಳಿ ಎಲ್ಲ ಹಾಕಿಕೊಳ್ಳುತ್ತಾರೆ. ಬಾಗಿಲು ಒಡೆಯುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಎರಡೂ ಕಡೆಯಿಂದ ಕೀಲಿಯಲ್ಲಿ ತೆರೆಯುವ ಬೀಗ ಹಾಕಿಸಿ, ಒಂದು ಕೀಲಿಯನ್ನು ಆ ಮೊದಲ ನಂಬರಿನವರ ಕೈಗೆ ಕೊಡಿ. ಬಚ್ಚಲಿನ ಚಿಲಕ ಹಾಕಿಕೊಳ್ಳಬೇಡಿ ಅಂತಲೂ ಹಿರಿಯರಿಗೆ ಹೇಳಿ. ಒಬ್ಬರೇ ಇರುವ ಮನೆಯಲ್ಲಿ ಅದರ ಅಗತ್ಯವೇ ಇಲ್ಲ.