64ಕ್ಕೆ ವಯಸ್ಸಾಯ್ತು ಎಂದರು: ಕೋಚ್ ಜೋ ಮೂರ್ ಕಥೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಹಿಡಿದು ಓಡುವವನ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಅವನಿಗೆ ದಾರಿ ಬಿಡಿಸಿಕೊಟ್ಟ ಐವರು ಯಾರು ಅಂತ ಕೇಳಿದರೆ ಅಭಿಮಾನಿಗಳೂ ತಡವರಿಸುತ್ತಾರೆ. ಆ ಐವರೇ ಆಫೆನ್ಸಿವ್ ಲೈನ್. ಅವರನ್ನು ತಿದ್ದಿ ತೀಡುವ ಕೋಚ್‌ನ ಹೆಸರಂತೂ ಹೊರಗೆ ಬರುವುದೇ ಅಪರೂಪ. ಜೋ ಮೂರ್ ಹೆಸರು ಮಾತ್ರ ಹೊರಗೆ ಬಂತು. ಮೊದಲು ಆಟದಿಂದ, ಆಮೇಲೆ ಕೋರ್ಟಿನಿಂದ.

ಆ ಐವರ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ನಡುವೆ ಸೆಂಟರ್, ಅವನ ಎಡಬಲಕ್ಕೆ ಇಬ್ಬರು ಗಾರ್ಡ್, ಎರಡು ತುದಿಗೆ ಇಬ್ಬರು ಟ್ಯಾಕಲ್. ಬಗ್ಗಿ, ಒಂದು ಕೈಯನ್ನು ನೆಲಕ್ಕೆ ಊರಿ ಕಾಯುತ್ತಾರೆ. ಸೆಂಟರ್ ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಟ್ಟ ಕ್ಷಣವೇ ಐವರ ಮೊದಲ ಹೆಜ್ಜೆಯೂ ಒಟ್ಟಿಗೆ ಬೀಳಬೇಕು. ಒಬ್ಬ ಮೊದಲೇ ಅಲುಗಿದರೆ ತಂಡಕ್ಕೆ 5 ಗಜ ದಂಡ. ಒಬ್ಬ ಅರೆಕ್ಷಣ ತಡ ಮಾಡಿದರೆ ಎದುರಾಳಿ ನುಗ್ಗಿ ಬಂದು ಕ್ವಾರ್ಟರ್‌ಬ್ಯಾಕ್‌ನನ್ನು, ಅಂದರೆ ಹಿಂದೆ ನಿಂತು ಚೆಂಡು ಎಸೆದು ಆಟ ನಡೆಸುವವನನ್ನು, ಕೆಡವಿರುತ್ತಾನೆ. ಎದುರಿನವನ ಅಂಗಿ ಹಿಡಿದು ಎಳೆಯುವ ಹಾಗಿಲ್ಲ, ತಳ್ಳಿಯೇ ಜಾಗ ಮಾಡಬೇಕು. ಕಬಡ್ಡಿಯಲ್ಲಿ ಕೈ ಹಿಡಿದು ನಿಂತ ಸರಪಳಿ ನೋಡಿದ್ದೀರಲ್ವಾ, ಒಬ್ಬ ಕೈಬಿಟ್ಟರೂ ರೇಡರ್ ಪಾರಾಗುತ್ತಾನೆ. ಇಲ್ಲೂ ಹಾಗೇ, ನಾಲ್ವರು ಚೆನ್ನಾಗಿ ಆಡಿದರೆ ಸಾಲದು.

ಮೂರ್ ಈ ವಿದ್ಯೆ ಕಲಿಸಿದ್ದು ಪಿಟ್ಸ್‌ಬರ್ಗ್ ಸುತ್ತಮುತ್ತ. ಅಪ್ಪರ್ ಸೇಂಟ್ ಕ್ಲೇರ್ ಹೈಸ್ಕೂಲಿನಲ್ಲಿ ಕೋಚ್ ಆಗಿದ್ದಾಗ ಅವರ ಕೈಕೆಳಗೆ ಆಡಿದ ಹುಡುಗರಲ್ಲಿ ಕರ್ಕ್ ಫೆರೆಂಟ್ಸ್ ಒಬ್ಬ. ಈ ಹೆಸರು ನೆನಪಿರಲಿ, ಮತ್ತೆ ಬರುತ್ತದೆ. ಅಲ್ಲಿಂದ ಮೂರ್ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬಂದರು. 1979, 1980, 1981, ಮೂರೂ ವರ್ಷ ಆ ತಂಡ 11 ಪಂದ್ಯ ಗೆದ್ದು ಒಂದನ್ನು ಮಾತ್ರ ಸೋತಿತು. ಕ್ವಾರ್ಟರ್‌ಬ್ಯಾಕ್ ಡ್ಯಾನ್ ಮರಿನೋ ದೊಡ್ಡ ಹೆಸರು ಮಾಡಿದ್ದು ಇದೇ ಕಾಲದಲ್ಲಿ. ಅವನ ಮುಂದೆ ನಿಂತು ಕಾಯ್ದವರೂ ಕಡಿಮೆಯವರಲ್ಲ. ಮಾರ್ಕ್ ಮೇ 1980ರಲ್ಲಿ ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಲೈನ್ ಆಟಗಾರನಿಗೆ ಕೊಡುವ ಔಟ್‌ಲ್ಯಾಂಡ್ ಟ್ರೋಫಿ ಗೆದ್ದ. ರಸ್ ಗ್ರಿಮ್ ಮತ್ತು ಜಿಮ್ ಕೋವರ್ಟ್ ಮುಂದೆ ವೃತ್ತಿಪರ ಫುಟ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಗ್ರಿಮ್ ಕಾಲೇಜಿಗೆ ಬಂದಾಗ ಲೈನ್‌ಬ್ಯಾಕರ್, ಅಂದರೆ ಎದುರಾಳಿಯನ್ನು ಕೆಡವುವ ಜಾಗದಲ್ಲಿದ್ದವನು. ಸೆಂಟರ್ ಆಗಿದ್ದು ಇಲ್ಲಿಗೆ ಬಂದ ಮೇಲೆ.

1988ರಲ್ಲಿ ಮೂರ್ ನೋತ್ರ ಡೇಮ್ ವಿಶ್ವವಿದ್ಯಾಲಯ ಸೇರಿದರು. ಹೆಡ್ ಕೋಚ್ ಲೂ ಹೋಲ್ಟ್ಸ್. ಅಲ್ಲಿಯೂ ಟೈಟ್ ಎಂಡ್, ಅಂದರೆ ಸಾಲಿನ ತುದಿಯಲ್ಲಿ ನಿಂತು ಪಾಸ್ ಕೂಡ ಹಿಡಿಯುವವನು, ಆಗಿದ್ದ ಆಂಡಿ ಹೆಕ್ ಟ್ಯಾಕಲ್ ಜಾಗಕ್ಕೆ ಬಂದ. ಆ ಸೀಸನ್‌ನಲ್ಲಿ ತಂಡ 12ಕ್ಕೆ 12 ಪಂದ್ಯ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು. 1993ರಲ್ಲಿ ಮೂರ್ ಶಿಷ್ಯ ಆರನ್ ಟೇಲರ್ ಕಾಲೇಜು ಫುಟ್‌ಬಾಲ್‌ನ ದೊಡ್ಡ ಗೌರವವಾದ ಲೊಂಬಾರ್ಡಿ ಪ್ರಶಸ್ತಿ ಪಡೆದ. ಎದುರಿಗಿರುವವನನ್ನು ಅವನಿಗೆ ಇಷ್ಟವಿಲ್ಲದಿದ್ದರೂ ಇಲ್ಲಿಂದ ಅಲ್ಲಿಗೆ ತಳ್ಳಿಕೊಂಡು ಹೋಗುವುದಿದೆಯಲ್ಲ, ಅದಕ್ಕಿಂತ ಖುಷಿ ಬೇರೆ ಇಲ್ಲ ಎಂಬ ಅರ್ಥದ ಮೂರ್ ಮಾತನ್ನು ಅವರ ಶಿಷ್ಯರು ಈಗಲೂ ಹೇಳುತ್ತಿರುತ್ತಾರೆ.

1996ರ ಕೊನೆಗೆ ಹೋಲ್ಟ್ಸ್ ಬಿಟ್ಟರು, ಬಾಬ್ ಡೇವಿ ಬಂದರು. ಹೆಡ್ ಕೋಚ್ ಬದಲಾದರೆ ಸಹಾಯಕರ ಕೆಲಸ ಅಲುಗಾಡುವುದು ಆ ಲೋಕದಲ್ಲಿ ಮಾಮೂಲು. ಹೊಸಬರು ತಮ್ಮವರನ್ನು ಕರೆತರುತ್ತಾರೆ, ಹಳಬರು ಸುಮ್ನೆ ಪೆಟ್ಟಿಗೆ ಕಟ್ಟುತ್ತಾರೆ. ಮೂರ್ ಸುಮ್ಮನಿರಲಿಲ್ಲ. ಆಗ ಅವರಿಗೆ 64 ವರ್ಷ. ವಯಸ್ಸಿನ ಕಾರಣಕ್ಕೇ ನನ್ನನ್ನು ತೆಗೆದರು ಎಂದು ವಿಶ್ವವಿದ್ಯಾಲಯದ ಮೇಲೆ ಕೇಸು ಹಾಕಿದರು. ಕಾರಣ ವಯಸ್ಸಲ್ಲ, ಅವರು ಆಟಗಾರರನ್ನು ನಡೆಸಿಕೊಂಡ ರೀತಿ ಎಂಬುದು ವಿಶ್ವವಿದ್ಯಾಲಯದ ವಾದ. ಮೂರ್ ಒರಟು ಮನುಷ್ಯ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಆ ಒರಟುತನ ಹಿಂದಿನ ಒಂಬತ್ತು ಸೀಸನ್‌ಗಳಲ್ಲೂ ಇತ್ತಲ್ಲ?

ಅಮೆರಿಕದಲ್ಲಿ 1967ರಲ್ಲೇ ಒಂದು ಕಾನೂನು ಬಂದಿತ್ತು. 40 ದಾಟಿದ ನೌಕರರನ್ನು ವಯಸ್ಸಿನ ನೆಪದಲ್ಲಿ ತೆಗೆಯುವ ಹಾಗಿಲ್ಲ. ಕಾಲೇಜು ಕೋಚ್‌ಗೂ ಅದು ಅನ್ವಯಿಸುತ್ತದೆ ಎಂಬುದನ್ನು 1998ರ ಜುಲೈನಲ್ಲಿ ಇಂಡಿಯಾನಾದ ಲಫಾಯೆಟ್‌ನಲ್ಲಿ ಕೂತ ಜ್ಯೂರಿ ಎತ್ತಿಹಿಡಿಯಿತು. ಬಾಕಿ ಸಂಬಳ 42,935 ಡಾಲರ್. ವಿಶ್ವವಿದ್ಯಾಲಯ ಗೊತ್ತಿದ್ದೂ ಕಾನೂನು ಮುರಿದಿದೆ ಎಂದು ಜ್ಯೂರಿ ಹೇಳಿದ್ದರಿಂದ ಆ ಮೊತ್ತ ದುಪ್ಪಟ್ಟಾಗಿ 85,870 ಡಾಲರ್ ಆಯಿತು. ಮೂರ್ ತಮ್ಮ ಕೆಲಸವನ್ನೇ ವಾಪಸ್ ಕೇಳಿದ್ದರು. ಅದನ್ನು ನ್ಯಾಯಾಧೀಶರು ಒಪ್ಪಲಿಲ್ಲ. ಎರಡೂ ಕಡೆ ಮನಸ್ಸು ಅಷ್ಟು ಮುರಿದಿತ್ತು, ಆ ಜಾಗದಲ್ಲಿ ಇನ್ನೊಬ್ಬರೂ ಬಂದಾಗಿತ್ತು. ಬದಲಿಗೆ ಮುಂದಿನ ದಿನಗಳ ಸಂಬಳದ ಲೆಕ್ಕದಲ್ಲಿ ಇನ್ನಷ್ಟು ಹಣ ಕೊಡಿಸಿದರು. ನನ್ನ ಮಟ್ಟಿಗೆ ಈ ಇಡೀ ಪ್ರಕರಣದಲ್ಲಿ ಜಾಸ್ತಿ ನೋವಿನ ಭಾಗ ಇದೇ. ಕೇಸು ಗೆದ್ದ ಮನುಷ್ಯ ತನಗೆ ಬೇಕಾದ ಮೈದಾನಕ್ಕೆ ಮರಳಲಾಗಲಿಲ್ಲ. 2003ರ ಜುಲೈನಲ್ಲಿ ಮೂರ್ ತೀರಿಕೊಂಡರು.

ಹೈಸ್ಕೂಲಿನ ಆ ಹುಡುಗ ಫೆರೆಂಟ್ಸ್ ಅಷ್ಟರಲ್ಲಿ ಅಯೋವಾ ವಿಶ್ವವಿದ್ಯಾಲಯದ ಹೆಡ್ ಕೋಚ್ ಆಗಿದ್ದರು. 1999ರಲ್ಲಿ ಹಿಡಿದ ಕೆಲಸ. 2019ರಲ್ಲಿ ಅವರಿಗೂ 64 ತುಂಬಿತು. ಆ ಸೀಸನ್‌ನಲ್ಲಿ ತಂಡ 10 ಪಂದ್ಯ ಗೆದ್ದಿತು, ಅವರು ಅದೇ ಕುರ್ಚಿಯಲ್ಲಿ ಮುಂದುವರಿದರು.

2015ರಲ್ಲಿ ಆರನ್ ಟೇಲರ್ ಮತ್ತು ಜೊತೆಗಾರರು ಜೋ ಮೂರ್ ಪ್ರಶಸ್ತಿ ಶುರು ಮಾಡಿದರು. ಇದನ್ನು ಒಬ್ಬ ಆಟಗಾರನಿಗೆ ಕೊಡುವುದಿಲ್ಲ. ವರ್ಷದ ಅತ್ಯುತ್ತಮ ಆಫೆನ್ಸಿವ್ ಲೈನ್‌ಗೆ, ಇಡೀ ಸಾಲಿಗೆ ಕೊಡುತ್ತಾರೆ. ಮೊದಲ ವರ್ಷ ಅಲಬಾಮಾ, 2016ರಲ್ಲಿ ಫೆರೆಂಟ್ಸ್ ಅವರ ಅಯೋವಾ. 2017ರಲ್ಲಿ ಕ್ವೆಂಟನ್ ನೆಲ್ಸನ್, ಮೈಕ್ ಮೆಕ್‌ಗ್ಲಿಂಚಿ ಇದ್ದ ಸಾಲು ಅದನ್ನು ಗೆದ್ದಿತು. ಆ ಸಾಲು ನೋತ್ರ ಡೇಮ್ ವಿಶ್ವವಿದ್ಯಾಲಯದ್ದು.